ಕೈಯಲ್ಲಿ ಒಯ್ಯುವ ಎಡಿಎಸ್-ಬಿ ರಿಸೀವರ್: ಪವರ್ ಮತ್ತು ವೈಫೈ ತೊಂದರೆಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಸಣ್ಣ ವಿಮಾನಗಳ ಕಾಕ್‌ಪಿಟ್‌ನಲ್ಲಿ ಇಟ್ಟುಕೊಳ್ಳುವ ಅಂಗೈಯಗಲದ ಎಡಿಎಸ್-ಬಿ ರಿಸೀವರ್‌ಗಳು ಸುತ್ತಲಿನ ವಿಮಾನಗಳು ಪ್ರಸಾರ ಮಾಡುವ ಸ್ಥಾನ, ಎತ್ತರ ಮತ್ತು ವೇಗದ ವಿವರಗಳನ್ನು ಹಿಡಿದು, ತಮ್ಮದೇ ವೈಫೈ ಮೂಲಕ ಪೈಲಟ್‌ನ ಟ್ಯಾಬ್ಲೆಟ್‌ಗೆ ತಲುಪಿಸುತ್ತವೆ. ಸಿದ್ಧವಾಗಿ ಕೊಂಡ ಸಾಧನವಾಗಲಿ, ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್ ಬೋರ್ಡಿನ ಮೇಲೆ ಸ್ಟ್ರಾಟಕ್ಸ್ ಎಂಬ ರಿಸೀವರ್ ತಂತ್ರಾಂಶ ಹಾಕಿ ನೀವೇ ಜೋಡಿಸಿಕೊಂಡದ್ದಾಗಲಿ, ಕೈಕೊಡುವ ರೀತಿ ಹೆಚ್ಚುಕಡಿಮೆ ಒಂದೇ. ಇಲ್ಲಿನ ಉತ್ತರಗಳನ್ನು ಪವರ್‌ನಿಂದ ಆರಂಭಿಸಿ ವೈಫೈ ಕಡೆಗೆ ಸಾಗುವಂತೆ ಬರೆಯಲಾಗಿದೆ. ವೈಫೈ ಕೆಟ್ಟಿದೆ ಎಂದು ಬರುವ ದೂರುಗಳಲ್ಲಿ ಬಹುಪಾಲು, ಬುಡಕ್ಕೆ ಹೋಗಿ ನೋಡಿದರೆ, ಪವರ್‌ನ ದೂರುಗಳೇ ಆಗಿರುತ್ತವೆ ಎಂಬುದು ಇದಕ್ಕೆ ಕಾರಣ.

ಗುಂಡಿ ಒತ್ತಿದರೂ ದೀಪವೇ ಹತ್ತುವುದಿಲ್ಲ. ಸಾಧನ ಸತ್ತಿದೆಯೇ?

ಹಾಗೆ ತೀರ್ಮಾನಿಸಲು ಅವಸರ ಬೇಡ. ಒಳಗೆ ಬ್ಯಾಟರಿ ಇರುವ ಸಾಧನವನ್ನು ತಿಂಗಳುಗಟ್ಟಲೆ ಚೀಲದಲ್ಲೇ ಬಿಟ್ಟಿದ್ದರೆ ಲಿಥಿಯಂ ಸೆಲ್ ತುಂಬ ಕೆಳಮಟ್ಟಕ್ಕೆ ಇಳಿದಿರುತ್ತದೆ. ಅಂಥ ಸ್ಥಿತಿಯಲ್ಲಿ ರಕ್ಷಣಾ ಸರ್ಕ್ಯೂಟ್ ಮೊದಲು ಅತಿ ಸಣ್ಣ ಪ್ರಮಾಣದಲ್ಲಿ ಮಾತ್ರ ಚಾರ್ಜ್ ಆಗಲು ಬಿಡುವುದರಿಂದ, ಚಾರ್ಜರ್ ಹಾಕಿದ ಮೇಲೂ ಕೆಲವು ನಿಮಿಷ ಯಾವ ದೀಪವೂ ಕಾಣಿಸದಿರಬಹುದು. ಗೋಡೆಯ ಚಾರ್ಜರ್‌ಗೆ ಹಾಕಿ ಅರ್ಧ ಗಂಟೆ ಬಿಟ್ಟು ನೋಡಿ. ಲ್ಯಾಪ್‌ಟಾಪ್‌ನ ಯುಎಸ್‌ಬಿ ಕಿಂಡಿಗೆ ಚುಚ್ಚಿ ನೋಡಿದ್ದನ್ನು ಪರೀಕ್ಷೆಯೆಂದು ಲೆಕ್ಕಕ್ಕೆ ಹಿಡಿಯಬೇಡಿ. ಹಳೆಯ ಯುಎಸ್‌ಬಿ 2.0 ಕಿಂಡಿಯಿಂದ ನಿಯಮದ ಪ್ರಕಾರ ಸಿಗುವುದು 500 ಮಿಲಿಆಂಪಿಯರ್ ಮಾತ್ರ. ಸೆಲ್ ತಣ್ಣಗಿದ್ದರೂ ಹೀಗೆಯೇ ಆಗುತ್ತದೆ. ಸಾಮಾನ್ಯ ಲಿಥಿಯಂ ಅಯಾನ್ ಸೆಲ್‌ಗಳನ್ನು ಸೊನ್ನೆ ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಚಾರ್ಜ್ ಮಾಡಬಾರದಾದ್ದರಿಂದ, ರಾತ್ರಿಯಿಡೀ ಚಳಿಯ ಹ್ಯಾಂಗರ್‌ನಲ್ಲಿದ್ದ ಸಾಧನ ಬೆಳಿಗ್ಗೆ ಚಾರ್ಜ್ ಆಗಲು ನಿರಾಕರಿಸಿದರೆ ಅದು ಸರಿಯಾಗಿಯೇ ನಡೆದುಕೊಳ್ಳುತ್ತಿದೆ.

ಸಾಧನ ಆನ್ ಆಗುತ್ತದೆ, ಆದರೆ ಮತ್ತೆ ಮತ್ತೆ ರೀಬೂಟ್ ಆಗುತ್ತದೆ. ಏಕೆ?

ಇದಕ್ಕೆ ನನ್ನ ಮೊದಲ ಉತ್ತರ ಕೇಬಲ್, ಎರಡನೆಯ ಉತ್ತರವೂ ಕೇಬಲ್.

ನನ್ನ ಸಾಧನವೊಂದು ಎರಡು ವಾರ ಇದೇ ಆಟ ಆಡಿತ್ತು. ರನ್‌ವೇ ಕಡೆಗೆ ಟ್ಯಾಕ್ಸಿ ಮಾಡುವಾಗ ಟ್ಯಾಬ್ಲೆಟ್‌ನ ಪರದೆಯಿಂದ ಬೇರೆ ವಿಮಾನಗಳೆಲ್ಲ ಮಾಯವಾಗಿ, ಒಂದು ನಿಮಿಷದ ನಂತರ ಏನೂ ಆಗಿಲ್ಲವೆಂಬಂತೆ ಮರಳಿ ಬರುತ್ತಿದ್ದವು. ನಾನು ವೈಫೈ ಚಾನೆಲ್ ಬದಲಿಸಿದೆ, ಆ್ಯಪ್ ತೆಗೆದು ಹೊಸದಾಗಿ ಹಾಕಿದೆ, ಟ್ಯಾಬ್ಲೆಟ್‌ನ ನೆಟ್‌ವರ್ಕ್ ಸೆಟ್ಟಿಂಗ್‌ಗಳನ್ನೆಲ್ಲ ಅಳಿಸಿದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರಂತೆ, ಹಾಗಿತ್ತು ನನ್ನ ಚಿಕಿತ್ಸೆ. ಕೊನೆಗೊಂದು ದಿನ ಎಂಜಿನ್ ಆಫ್ ಮಾಡಿ ಕುಳಿತಿದ್ದಾಗ, ನನ್ನ ಮೊಣಕಾಲು ಕೇಬಲ್‌ಗೆ ತಾಗಿದೊಡನೆ ಸಾಧನದ ಕೆಂಪು ದೀಪ ಒಮ್ಮೆ ಕಣ್ಣು ಮಿಟುಕಿಸಿತು. ಪ್ಲಗ್ಗನ್ನು ಬೆರಳಿನಿಂದ ಕೂದಲೆಳೆಯಷ್ಟು ವಾಲಿಸಿದರೆ ಆರುತ್ತಿತ್ತು, ಬಿಟ್ಟರೆ ಹತ್ತುತ್ತಿತ್ತು. ಬೇರೆ ಕೇಬಲ್ ಹಾಕಿದ ಮೇಲೆ ಆ ತೊಂದರೆ ಮತ್ತೆ ಬರಲಿಲ್ಲ.

ಸಡಿಲ ಪ್ಲಗ್ ಕಣ್ಣಿಗೆ ಕಾಣುವ ಕಾರಣ. ಕಾಣದ ಕಾರಣ ತಂತಿಯ ದಪ್ಪ. ಅಗ್ಗದ ಕೇಬಲ್‌ಗಳ ಒಳಗೆ ಪವರ್ ಸಾಗಿಸುವ ತಂತಿ 28 ಗೇಜಿನಷ್ಟು ತೆಳ್ಳಗಿರುವುದುಂಟು (ಗೇಜ್ ಸಂಖ್ಯೆ ಹೆಚ್ಚಿದಷ್ಟೂ ತಂತಿ ತೆಳ್ಳಗೆ). ಅಂಥ ತಾಮ್ರದ ತಂತಿಯ ರೋಧ ಮೀಟರಿಗೆ ಸುಮಾರು 0.21 ಓಮ್, ವಿದ್ಯುತ್ತು ಹೋಗಿಯೂ ಬರಬೇಕಾದ್ದರಿಂದ ಒಂದು ಮೀಟರ್ ಕೇಬಲ್‌ಗೆ 0.42 ಓಮ್ ಎಂದಿಟ್ಟುಕೊಳ್ಳಿ. ಸಾಧನ 1.2 ಆಂಪಿಯರ್ ಎಳೆದರೆ ದಾರಿಯಲ್ಲೇ ಅರ್ಧ ವೋಲ್ಟ್ ಸೋರಿಹೋಗುತ್ತದೆ. ಚಾರ್ಜರ್ ಪ್ರಾಮಾಣಿಕವಾಗಿ 5.1 ವೋಲ್ಟ್ ಕೊಟ್ಟರೂ ಸಾಧನದ ಬಾಯಿಗೆ ತಲುಪುವುದು 4.6 ವೋಲ್ಟ್. ರಾಸ್ಪ್‌ಬೆರಿ ಪೈ ಬೋರ್ಡ್ ಸುಮಾರು 4.63 ವೋಲ್ಟ್‌ಗಿಂತ ಕೆಳಗಿಳಿದರೆ ವೋಲ್ಟೇಜ್ ಸಾಲುತ್ತಿಲ್ಲವೆಂದು ಎಚ್ಚರಿಕೆ ಕೊಟ್ಟು ತನ್ನ ವೇಗವನ್ನು ತಗ್ಗಿಸಿಕೊಳ್ಳುತ್ತದೆ. ಅದಕ್ಕಿಂತಲೂ ಕುಸಿದರೆ ಮೊದಲು ಸಂಕೇತ ಹಿಡಿಯಲೆಂದು ಬೋರ್ಡಿಗೆ ಚುಚ್ಚಿದ ರೇಡಿಯೊ ಡಾಂಗಲ್‌ಗಳು ಕಳಚಿಕೊಳ್ಳುತ್ತವೆ, ವೈಫೈ ತೊದಲುತ್ತದೆ, ನಂತರ ಇಡೀ ಬೋರ್ಡೇ ರೀಬೂಟ್ ಆಗುತ್ತದೆ. ಅದೇ ಉದ್ದದ 20 ಗೇಜ್ ಕೇಬಲ್ ಹಾಕಿದರೆ ಸೋರಿಕೆ 0.1 ವೋಲ್ಟ್ ಕೂಡ ಆಗುವುದಿಲ್ಲ. ಆದ್ದರಿಂದ ಕೇಬಲ್ ಗಿಡ್ಡವಾಗಿರಲಿ, ದಪ್ಪವಾಗಿರಲಿ. ಮೂವತ್ತು ಸೆಂಟಿಮೀಟರ್ ಸಾಕಾಗುವ ಕಡೆ ಎರಡು ಮೀಟರ್ ಕೇಬಲ್ ಸುರುಳಿ ಸುತ್ತಿಡುವ ಅಭ್ಯಾಸ ಬಿಡಿ.

ಕೇಬಲ್ ಸರಿಯಿದೆಯೋ ಇಲ್ಲವೋ ಎಂದು ಖಚಿತವಾಗಿ ತಿಳಿಯುವುದು ಹೇಗೆ?

ಪ್ಲಗ್ ಮತ್ತು ಸಾಧನದ ನಡುವೆ ಸಿಕ್ಕಿಸುವ ಪುಟ್ಟ ಯುಎಸ್‌ಬಿ ಮೀಟರ್ ಒಂದನ್ನು ಇಟ್ಟುಕೊಳ್ಳಿ. ಅದನ್ನು ಚಾರ್ಜರ್ ತುದಿಯಲ್ಲಿ ಅಲ್ಲ, ಸಾಧನದ ತುದಿಯಲ್ಲಿ ಸಿಕ್ಕಿಸಬೇಕು. ಚಾರ್ಜರ್ ತುದಿಯಲ್ಲಿ ಅಳೆದರೆ ಕೇಬಲ್ ನುಂಗಿದ್ದು ತಿಳಿಯುವುದೇ ಇಲ್ಲ. ಸಾಧನ ಪೂರ್ತಿ ಕೆಲಸ ಮಾಡುತ್ತಿರುವಾಗ, ಅಂದರೆ ಎಲ್ಲ ರೇಡಿಯೊಗಳೂ ಫ್ಯಾನೂ ನಡೆಯುತ್ತಿರುವಾಗ, 4.9 ವೋಲ್ಟ್‌ಗಿಂತ ಮೇಲಿದ್ದರೆ ನಿಶ್ಚಿಂತರಾಗಿರಿ. 4.7ರ ಆಸುಪಾಸಿನಲ್ಲಿ ತೂಗಾಡುತ್ತಿದ್ದರೆ ಇವತ್ತಲ್ಲ ನಾಳೆ ಕೈಕೊಡುತ್ತದೆ.

ಸ್ವತಃ ಜೋಡಿಸಿದವರಿಗೆ ಇನ್ನೊಂದು ಮಾತು. 2019ರಲ್ಲಿ ಬಂದ ರಾಸ್ಪ್‌ಬೆರಿ ಪೈ 4ರ ಮೊದಲ ಬೋರ್ಡ್‌ಗಳಲ್ಲಿ ಯುಎಸ್‌ಬಿ-ಸಿ ಕಿಂಡಿಯ ವಿನ್ಯಾಸದಲ್ಲಿ ಒಂದು ತಪ್ಪಿತ್ತು. ಒಳಗೆ ಗುರುತಿನ ಚಿಪ್ ಇರುವ ದುಬಾರಿ ಕೇಬಲ್ ಹಾಕಿದರೆ ಚಾರ್ಜರ್ ಆ ಬೋರ್ಡನ್ನು ಹೆಡ್‌ಫೋನ್ ಪರಿಕರವೆಂದು ತಪ್ಪಾಗಿ ತಿಳಿದು ಪವರ್ ಕೊಡುತ್ತಲೇ ಇರಲಿಲ್ಲ. ಸಾದಾ ಕೇಬಲ್ ಹಾಕಿದರೆ ನೆಟ್ಟಗೆ ನಡೆಯುತ್ತಿತ್ತು. ನಂತರದ ಬೋರ್ಡ್‌ಗಳಲ್ಲಿ ಇದನ್ನು ತಿದ್ದಲಾಯಿತು. ಹಳೆಯ ಬೋರ್ಡ್ ಇದ್ದರೆ ಒಳ್ಳೆಯ ಕೇಬಲ್ ಸೋತು ಸಾಧಾರಣ ಕೇಬಲ್ ಗೆಲ್ಲುವ ಈ ವಿಚಿತ್ರವನ್ನು ನೆನಪಿಡಿ.

ವಿಮಾನದ ಸಾಕೆಟ್‌ನಿಂದಲೇ ಪವರ್ ತೆಗೆದುಕೊಳ್ಳಬಹುದೇ?

ಮೂರು ಸಂಗತಿಗಳನ್ನು ನೋಡಿಕೊಂಡರೆ ತೆಗೆದುಕೊಳ್ಳಬಹುದು. ನಿಮ್ಮ ವಿಮಾನದ ವಿದ್ಯುತ್ ವ್ಯವಸ್ಥೆ 14 ವೋಲ್ಟಿನದೋ 28 ವೋಲ್ಟಿನದೋ ಎಂಬುದು ಮೊದಲನೆಯದು. ಕಾರಿಗೆಂದು ಮಾಡಿದ, 12 ವೋಲ್ಟ್ ಮಾತ್ರ ತಡೆಯಬಲ್ಲ ಅಡಾಪ್ಟರ್ ಅನ್ನು 28 ವೋಲ್ಟಿನ ಸಾಕೆಟ್‌ಗೆ ಹಾಕಿದರೆ ಅದು ಸುಡಬಹುದು, ಜೊತೆಗೆ ನಿಮ್ಮ ರಿಸೀವರ್‌ನ್ನೂ ಕೊಂಡೊಯ್ಯಬಹುದು.

ಎರಡನೆಯದು ಎಂಜಿನ್ ಸ್ಟಾರ್ಟ್ ಮಾಡುವ ಹೊತ್ತು. ಸ್ಟಾರ್ಟರ್ ತಿರುಗುವಾಗ ವೋಲ್ಟೇಜ್ ಒಮ್ಮೆಗೇ ಕುಸಿಯುತ್ತದೆ, ಆಮೇಲೆ ನೆಗೆಯುತ್ತದೆ. ಎಂಜಿನ್ ಸ್ಥಿರವಾಗಿ, ಆಲ್ಟರ್ನೇಟರ್ ಚಾರ್ಜ್ ಮಾಡುತ್ತಿದೆಯೆಂದು ಖಚಿತವಾದ ಮೇಲೆಯೇ ಸಾಧನವನ್ನು ಸಾಕೆಟ್‌ಗೆ ಹಾಕಿ. ನಿಲ್ಲಿಸುವಾಗ ಸಾಧನವನ್ನು ಮೊದಲು ತೆಗೆಯಿರಿ.

ಮೂರನೆಯದನ್ನು ಹೆಚ್ಚಿನವರು ಗಮನಿಸುವುದೇ ಇಲ್ಲ. ಅಗ್ಗದ ಯುಎಸ್‌ಬಿ ಅಡಾಪ್ಟರ್‌ಗಳು ವೋಲ್ಟೇಜ್ ಇಳಿಸುವ ಕೆಲಸದಲ್ಲಿ ರೇಡಿಯೊ ಗದ್ದಲ ಎಬ್ಬಿಸುತ್ತವೆ. ಅದು ರಿಸೀವರ್‌ಗೆ ಮಾತ್ರವಲ್ಲ, 118ರಿಂದ 137 ಮೆಗಾಹರ್ಟ್ಸ್ ನಡುವಿನ ನಿಮ್ಮ ಮಾತಿನ ರೇಡಿಯೊಗೂ ನುಗ್ಗಬಹುದು. ಪರೀಕ್ಷೆ ಸುಲಭ: ರೇಡಿಯೊದ ಸ್ಕ್ವೆಲ್ಚ್ (ಯಾರೂ ಮಾತಾಡದಾಗ ಗೊರಗೊರ ಸದ್ದು ಅಡಗಿಸುವ ನಿಯಂತ್ರಣ) ತೆರೆದು ಕಿವಿಗೊಡಿ, ಅಡಾಪ್ಟರ್ ತೆಗೆಯಿರಿ, ಹಾಕಿ. ಸದ್ದಿನಲ್ಲಿ ವ್ಯತ್ಯಾಸ ಕೇಳಿಸಿದರೆ ಆ ಅಡಾಪ್ಟರ್ ವಿಮಾನದಲ್ಲಿ ಇರಕೂಡದು.

ಪವರ್ ಬ್ಯಾಂಕ್ ತಾನಾಗಿಯೇ ಆಫ್ ಆಗುತ್ತದೆ. ಬ್ಯಾಟರಿ ಇನ್ನೂ ತುಂಬಿಯೇ ಇದೆಯಲ್ಲ?

ಪವರ್ ಬ್ಯಾಂಕ್‌ಗಳನ್ನು ಫೋನ್ ಚಾರ್ಜ್ ಮಾಡಲೆಂದು ಮಾಡಿರುತ್ತಾರೆ. ಎಳೆಯುವ ಕರೆಂಟ್ ತೀರ ಕಡಿಮೆಯಾದರೆ ಫೋನ್ ತುಂಬಿತೆಂದು ಅವು ತಾವೇ ತೀರ್ಮಾನಿಸಿ ಆಫ್ ಆಗುತ್ತವೆ. ತನ್ನದೇ ಬ್ಯಾಟರಿ ಇರುವ, ಮಿತವಾಗಿ ವಿದ್ಯುತ್ ಬಳಸುವ ರಿಸೀವರ್‌ಗಳ ಜೊತೆ ಹೀಗಾಗುತ್ತದೆ. ಸಣ್ಣ ಹೊರೆಗೆಂದು ವಿಶೇಷ ಮೋಡ್ ಇರುವ ಪವರ್ ಬ್ಯಾಂಕ್ ಕೊಳ್ಳುವುದು ಒಂದು ದಾರಿ. ಟ್ಯಾಬ್ಲೆಟ್‌ನ್ನೂ ಅದೇ ಬ್ಯಾಂಕಿಗೆ ಜೋಡಿಸಿ ಹೊರೆ ಹೆಚ್ಚಿಸುವುದು ಇನ್ನೊಂದು. ಹಾಗೆಯೇ ಕೆಲವು ಬ್ಯಾಂಕ್‌ಗಳಲ್ಲಿ, ಬ್ಯಾಂಕನ್ನೇ ಚಾರ್ಜ್‌ಗೆ ಹಾಕಿದ ಅಥವಾ ತೆಗೆದ ಕ್ಷಣದಲ್ಲಿ ಹೊರಹರಿವು ಅರೆಗಳಿಗೆ ಕಡಿದುಹೋಗುತ್ತದೆ. ಆ ಅರೆಗಳಿಗೆಯೇ ರೀಬೂಟ್ ಆಗಲು ಸಾಕು.

10,000 ಎಂಎಎಚ್ ಬ್ಯಾಂಕ್ ಹತ್ತು ಗಂಟೆ ಬರಬೇಕಲ್ಲವೇ?

ಬರುವುದಿಲ್ಲ. ಆ ಸಂಖ್ಯೆ ಒಳಗಿನ ಸೆಲ್‌ನ 3.7 ವೋಲ್ಟ್ ಲೆಕ್ಕದ್ದು, ಅಂದರೆ 37 ವ್ಯಾಟ್-ಅವರ್. 5 ವೋಲ್ಟ್‌ಗೆ ಏರಿಸುವಾಗ ಆಗುವ ನಷ್ಟ ಕಳೆದು ಶೇಕಡ 85 ಕೈಗೆ ಸಿಕ್ಕಿತೆನ್ನಿ, 31 ವ್ಯಾಟ್-ಅವರ್ ಉಳಿಯುತ್ತದೆ. 5 ವೋಲ್ಟ್‌ನಲ್ಲಿ ಒಂದು ಆಂಪಿಯರ್ ಎಳೆಯುವ ಸಾಧನಕ್ಕೆ ಇದು ಆರು ಗಂಟೆ. ಬ್ಯಾಂಕ್ ಹಳೆಯದಾಗಿದ್ದರೆ ಇನ್ನೂ ಕಡಿಮೆ. ಪ್ರಯಾಣಿಕ ವಿಮಾನದಲ್ಲಿ ಒಯ್ಯುವಾಗಲೂ ವ್ಯಾಟ್-ಅವರ್ ಲೆಕ್ಕವೇ ಬೇಕಾಗುತ್ತದೆ. ಸಾಮಾನ್ಯವಾಗಿ 100 ವ್ಯಾಟ್-ಅವರ್ ಒಳಗಿನ ಬ್ಯಾಂಕ್‌ಗಳನ್ನು ಕೈಚೀಲದಲ್ಲಿ ಮಾತ್ರ ಒಯ್ಯಬಹುದು, ಚೆಕ್-ಇನ್ ಲಗೇಜಿನಲ್ಲಿ ಹಾಕುವಂತಿಲ್ಲ.

ಸಾಧನ ತುಂಬ ಬಿಸಿಯಾಗುತ್ತದೆ. ಚಿಂತಿಸಬೇಕೇ?

ಬೆಚ್ಚಗಿರುವುದು ಸಹಜ, ಮುಟ್ಟಲಾಗದಷ್ಟು ಕಾಯುವುದು ಸಹಜವಲ್ಲ. ರಾಸ್ಪ್‌ಬೆರಿ ಪೈ ಪ್ರೊಸೆಸರ್ 80 ಡಿಗ್ರಿ ದಾಟಿದ ಮೇಲೆ ತನ್ನ ವೇಗ ತಗ್ಗಿಸಲು ಆರಂಭಿಸಿ, 85ರಲ್ಲಿ ಇನ್ನಷ್ಟು ತಗ್ಗಿಸುತ್ತದೆ. ಗಾಜಿನ ಕೆಳಗಿನ ಕಪ್ಪು ಡ್ಯಾಶ್‌ಬೋರ್ಡಿನ ಮೇಲೆ ಬಿಸಿಲಿಗೆ ಇಟ್ಟರೆ ಈ ಮಟ್ಟ ಮುಟ್ಟಲು ಬಹಳ ಹೊತ್ತು ಬೇಕಾಗುವುದಿಲ್ಲ. ಪಕ್ಕದ ಕಿಟಕಿಗೆ, ನೆರಳಿರುವ ಕಡೆಗೆ ಅಂಟಿಸಿ. ಗಾಳಿಕಿಂಡಿಯ ಗಾಳಿ ತಾಗುವಂತಿದ್ದರೆ ಇನ್ನೂ ಒಳ್ಳೆಯದು. ಟ್ಯಾಬ್ಲೆಟ್‌ನ ಸ್ಥಿತಿಯೂ ಇದೇ. ಐಪ್ಯಾಡ್‌ಗೆ ತಯಾರಕರು ಹೇಳುವ ಬಳಕೆಯ ಮಿತಿ 35 ಡಿಗ್ರಿ ಸೆಲ್ಸಿಯಸ್ ಸುತ್ತಲಿನ ಉಷ್ಣತೆ. ಮೀರಿದರೆ ಪರದೆ ಮಂಕಾಗಿ, ಕೊನೆಗೆ ಉಷ್ಣತೆಯ ಎಚ್ಚರಿಕೆಯೊಂದೇ ಉಳಿಯುತ್ತದೆ. ಆಗ ರಿಸೀವರ್‌ನ್ನು ಬೈದು ಪ್ರಯೋಜನವಿಲ್ಲ.

ಬ್ಯಾಟರಿ ಉಬ್ಬಿದ್ದರೆ, ಕವಚದ ಅಂಚು ಬಿರಿದಿದ್ದರೆ, ಸಿಹಿಮಿಶ್ರಿತ ರಾಸಾಯನಿಕ ವಾಸನೆ ಬಂದರೆ ಅದನ್ನು ಮತ್ತೆ ಚಾರ್ಜ್ ಮಾಡಬೇಡಿ, ವಿಮಾನದೊಳಗೆ ತರಬೇಡಿ. ಇದರಲ್ಲಿ ರಾಜಿಯಿಲ್ಲ.

ವೈಫೈ ಪಟ್ಟಿಯಲ್ಲಿ ಸಾಧನದ ಹೆಸರೇ ಕಾಣುತ್ತಿಲ್ಲ.

ಆನ್ ಮಾಡಿದ ಮೇಲೆ ಒಂದು ನಿಮಿಷ ಕಾಯಿರಿ. ಒಳಗೆ ಪುಟ್ಟ ಕಂಪ್ಯೂಟರ್ ಒಂದು ಬೂಟ್ ಆಗಬೇಕಿದೆ. ಟ್ಯಾಬ್ಲೆಟ್‌ನಲ್ಲಿ ಏರೋಪ್ಲೇನ್ ಮೋಡ್ ಹಾಕಿದ್ದರೆ ವೈಫೈ ಕೂಡ ಆಫ್ ಆಗಿರಬಹುದು, ಅದನ್ನು ಪ್ರತ್ಯೇಕವಾಗಿ ಆನ್ ಮಾಡಿ. ಸಾಧನವನ್ನು 5 ಗಿಗಾಹರ್ಟ್ಸ್‌ಗೆ ಬದಲಿಸಿದ್ದರೆ 2.4 ಗಿಗಾಹರ್ಟ್ಸ್ ಮಾತ್ರ ಬಲ್ಲ ಹಳೆಯ ಟ್ಯಾಬ್ಲೆಟ್‌ಗೆ ಅದು ಗೋಚರವಾಗದು. ಚಾನೆಲ್ 12 ಅಥವಾ 13 ಆರಿಸಿದ್ದರೂ ಹೀಗಾಗಬಹುದು, ಏಕೆಂದರೆ ಕೆಲವು ದೇಶಗಳ ಸೆಟ್ಟಿಂಗ್ ಇರುವ ಸಾಧನಗಳು ಆ ಚಾನೆಲ್‌ಗಳ ಕಡೆ ಕಣ್ಣೆತ್ತಿಯೂ ನೋಡುವುದಿಲ್ಲ. 1, 6, 11ರಲ್ಲಿ ಒಂದನ್ನು ಇಟ್ಟುಕೊಳ್ಳುವುದು ಸುರಕ್ಷಿತ. ಇಷ್ಟಾದರೂ ಹೆಸರು ಬಂದು ಬಂದು ಹೋಗುತ್ತಿದ್ದರೆ, ಮೇಲೆ ಹೇಳಿದ ಕೇಬಲ್‌ಗೆ ಹಿಂದಿರುಗಿ.

ವೈಫೈಗೆ ಸೇರಿದೆ, ಆದರೆ "ಇಂಟರ್ನೆಟ್ ಸಂಪರ್ಕವಿಲ್ಲ" ಎಂದು ತೋರಿಸುತ್ತದೆ. ಕೆಟ್ಟಿದೆಯೇ?

ಇಲ್ಲ. ಆ ವೈಫೈ ಮೂಲಕ ಇಂಟರ್ನೆಟ್ ಬರುವುದೇ ಇಲ್ಲ, ಬರಬೇಕಾಗಿಯೂ ಇಲ್ಲ. ರಿಸೀವರ್‌ನಿಂದ ಟ್ಯಾಬ್ಲೆಟ್‌ಗೆ ಹಾಸಿದ ಖಾಸಗಿ ಓಣಿ ಅದು, ಆಚೆಗೆ ದಾರಿಯಿಲ್ಲ. ತೊಂದರೆ ಏನೆಂದರೆ ಇಂದಿನ ಫೋನ್‌ಗಳು ಅತಿ ಜಾಣ. ಇಂಟರ್ನೆಟ್ ಸಿಗದ ವೈಫೈ ನಿಷ್ಪ್ರಯೋಜಕವೆಂದು ಬಗೆದು, ನಿಮಗೆ ಒಂದು ಮಾತೂ ಹೇಳದೆ ಮೊಬೈಲ್ ಡೇಟಾಗೆ ಜಿಗಿಯುತ್ತವೆ, ಇಲ್ಲವೇ ನೆನಪಿನಲ್ಲಿರುವ ಬೇರೊಂದು ವೈಫೈಗೆ ಅಂಟಿಕೊಳ್ಳುತ್ತವೆ. ಹ್ಯಾಂಗರ್ ಬಳಿ ಎಲ್ಲ ಸರಿಯಿದ್ದು, ಕ್ಲಬ್ಬಿನ ವೈಫೈ ಸಿಗುವ ಕಡೆಗೆ ಟ್ಯಾಕ್ಸಿ ಮಾಡಿದಾಗ ಸಂಪರ್ಕ ಕಡಿಯುತ್ತದೆಂದರೆ ಕಾರಣ ಬಹುಮಟ್ಟಿಗೆ ಇದೇ.

ಆಂಡ್ರಾಯ್ಡ್‌ನಲ್ಲಿ, ಈ ನೆಟ್‌ವರ್ಕ್‌ಗೆ ಇಂಟರ್ನೆಟ್ ಇಲ್ಲ, ಆದರೂ ಸಂಪರ್ಕದಲ್ಲೇ ಇರಬೇಕೇ ಎಂದು ಕೇಳುವ ಸಂದೇಶ ಬಂದಾಗ ಹೌದು ಎನ್ನಿ, ಮತ್ತೆ ಕೇಳಬೇಡ ಎಂಬುದನ್ನೂ ಗುರುತಿಸಿ. ವೈಫೈ ದುರ್ಬಲವಾದಾಗ ಮೊಬೈಲ್ ಡೇಟಾಗೆ ತಾನಾಗಿ ಬದಲಾಗುವ ಆಯ್ಕೆ ಇದ್ದರೆ ಅದನ್ನು ಆಫ್ ಮಾಡಿ. ಐಫೋನ್ ಮತ್ತು ಸಿಮ್ ಇರುವ ಐಪ್ಯಾಡ್‌ಗಳಲ್ಲಿ ಮೊಬೈಲ್ ಡೇಟಾ ಸೆಟ್ಟಿಂಗ್‌ಗಳ ತೀರ ಕೆಳಗೆ ವೈಫೈ ಅಸಿಸ್ಟ್ ಎಂಬ ಆಯ್ಕೆ ಅಡಗಿರುತ್ತದೆ. ಅದನ್ನೂ ಆಫ್ ಮಾಡಿ. ಕ್ಲಬ್ಬಿನ ವೈಫೈಗೆ ತಾನಾಗಿ ಸೇರಿಕೊಳ್ಳುವುದನ್ನು ನಿಲ್ಲಿಸಿ. ಇವೆಲ್ಲಕ್ಕಿಂತ ಸರಳ ಮದ್ದು, ಎಂಜಿನ್ ಸ್ಟಾರ್ಟ್ ಮಾಡುವ ಮುನ್ನ ಏರೋಪ್ಲೇನ್ ಮೋಡ್ ಹಾಕಿ, ವೈಫೈ ಮಾತ್ರ ಮರಳಿ ಆನ್ ಮಾಡುವುದು. ನಕ್ಷೆಗಳನ್ನೂ ಹವಾಮಾನ ವರದಿಗಳನ್ನೂ ಅದಕ್ಕಿಂತ ಮುಂಚೆಯೇ ಇಳಿಸಿಕೊಂಡಿರಬೇಕು ಎಂದು ಬೇರೆ ಹೇಳಬೇಕಾಗಿಲ್ಲ.

ಸಂಪರ್ಕ ಗಟ್ಟಿಯಾಗಿದೆ, ಆದರೆ ಆ್ಯಪ್‌ನಲ್ಲಿ ಏನೂ ಕಾಣುವುದಿಲ್ಲ.

ಮೊದಲು ತಪ್ಪು ಎಲ್ಲಿದೆಯೆಂದು ಬೇರ್ಪಡಿಸಿ. ಸಾಧನಕ್ಕೆ ತನ್ನದೇ ಸ್ಥಿತಿಪುಟ ಇದ್ದರೆ ಬ್ರೌಸರ್‌ನಲ್ಲಿ ತೆರೆಯಿರಿ. ಸ್ಟ್ರಾಟಕ್ಸ್‌ನಲ್ಲಿ ಅದರ ವಿಳಾಸ 192.168.10.1. ಪುಟ ತೆರೆದು, ಅಲ್ಲಿ ಸಂದೇಶಗಳ ಎಣಿಕೆ ಏರುತ್ತಿದ್ದರೆ ರಿಸೀವರ್ ಮತ್ತು ವೈಫೈ ಎರಡೂ ಆರೋಗ್ಯವಾಗಿವೆ, ತಪ್ಪು ಆ್ಯಪ್ ಬದಿಯಲ್ಲಿದೆ. ಪುಟವೇ ತೆರೆಯದಿದ್ದರೆ ಹಿಂದಿನ ಪ್ರಶ್ನೆಗೆ ಹೋಗಿ.

ಆ್ಯಪ್ ಬದಿಯಲ್ಲಿ ನಾನು ಹೆಚ್ಚಾಗಿ ಕಂಡ ತಪ್ಪು ಅನುಮತಿಯದು. ಐಒಎಸ್ 14ರಿಂದ ಪ್ರತಿ ಆ್ಯಪ್ ಕೂಡ ಸ್ಥಳೀಯ ನೆಟ್‌ವರ್ಕ್‌ನಲ್ಲಿರುವ ಸಾಧನಗಳನ್ನು ತಲುಪಲು ಅನುಮತಿ ಕೇಳುತ್ತದೆ. ಹೊಸದಾಗಿ ಆ್ಯಪ್ ಹಾಕಿಕೊಂಡ ದಿನ, ಸಾಲುಸಾಲಾಗಿ ಬರುವ ಪ್ರಶ್ನೆಗಳಿಗೆ ಬೇಸತ್ತು ಬೇಡ ಎಂದು ಒತ್ತಿಬಿಟ್ಟಿರುತ್ತೇವೆ. ಆಮೇಲೆ ಆ್ಯಪ್ ಮತ್ತೆ ಕೇಳುವುದಿಲ್ಲ. ಸೆಟ್ಟಿಂಗ್‌ಗಳ ಗೌಪ್ಯತೆ ವಿಭಾಗಕ್ಕೆ ಹೋಗಿ ನೀವೇ ಅನುಮತಿ ಕೊಡಬೇಕು. ವಿಪಿಎನ್ ಚಾಲನೆಯಲ್ಲಿದ್ದರೂ ದತ್ತಾಂಶ ದಾರಿ ತಪ್ಪಬಹುದು, ಅದನ್ನು ನಿಲ್ಲಿಸಿ ನೋಡಿ. ಇಂಥ ಹಲವು ರಿಸೀವರ್‌ಗಳು ಜಿಡಿಎಲ್ 90 ಎಂಬ ರೂಪದಲ್ಲಿ, ಯುಡಿಪಿ ಪೋರ್ಟ್ 4000ಕ್ಕೆ ದತ್ತಾಂಶ ಕಳಿಸುತ್ತವೆ. ಆ್ಯಪ್‌ನಲ್ಲಿ ಬೇರೆ ಪೋರ್ಟ್ ನಮೂದಿಸಿದ್ದರೆ ಒಬ್ಬರು ಒಂದು ಬಾಗಿಲು ತಟ್ಟುತ್ತಿದ್ದರೆ ಇನ್ನೊಬ್ಬರು ಬೇರೆ ಬಾಗಿಲಲ್ಲಿ ಕಾಯುತ್ತಿದ್ದಂತೆ ಆಗುತ್ತದೆ.

ನೆಲದ ಮೇಲಿರುವಾಗ ಒಂದು ವಿಮಾನವೂ ಕಾಣುವುದಿಲ್ಲ. ಇದೂ ವೈಫೈ ತೊಂದರೆಯೇ?

ಅಲ್ಲ. ವಿಮಾನಗಳು ಎಡಿಎಸ್-ಬಿ ಪ್ರಸಾರ ಮಾಡುವ 1090 ಮೆಗಾಹರ್ಟ್ಸ್ ಸಂಕೇತಗಳು ನೇರ ದೃಷ್ಟಿರೇಖೆಯಲ್ಲಿ ಸಾಗುವುದರಿಂದ, ಹ್ಯಾಂಗರ್‌ನ ತಗಡಿನ ಗೋಡೆಯ ಮರೆಯಲ್ಲಿ ಹೆಚ್ಚೇನೂ ಸಿಗದಿರುವುದು ಸಹಜ. ಇನ್ನು 978 ಮೆಗಾಹರ್ಟ್ಸ್‌ನಲ್ಲಿ ನೆಲದ ಗೋಪುರಗಳಿಂದ ಉಚಿತವಾಗಿ ಬರುವ ಹವಾಮಾನ ಮಾಹಿತಿ ಅಮೆರಿಕದ ವ್ಯವಸ್ಥೆ. ಬೇರೆಡೆ ಹಾರುವವರು ಸ್ಥಿತಿಪುಟದಲ್ಲಿ ಆ ಸಂದೇಶಗಳ ಎಣಿಕೆ ಸೊನ್ನೆಯಲ್ಲೇ ಇರುವುದನ್ನು ಕಂಡು ಸಾಧನವನ್ನು ಬಿಚ್ಚಲು ಹೋಗಬಾರದು.

ಹಾರುತ್ತಿರುವಾಗ ಸಂಪರ್ಕ ಆಗಾಗ ಕಡಿಯುತ್ತದೆ, ಪವರ್ ಮಾತ್ರ ಸರಿಯಿದೆ.

ಇಟ್ಟ ಜಾಗ ನೋಡಿ. ಮನುಷ್ಯನ ದೇಹದಲ್ಲಿ ನೀರೇ ಹೆಚ್ಚು, ಅದು 2.4 ಗಿಗಾಹರ್ಟ್ಸ್ ಅಲೆಗಳನ್ನು ಹೀರಿಕೊಳ್ಳುತ್ತದೆ. ಹಿಂದಿನ ಕಿಟಕಿಗೆ ಅಂಟಿಸಿದ ರಿಸೀವರ್ ಮತ್ತು ತೊಡೆಯ ಮೇಲಿನ ಟ್ಯಾಬ್ಲೆಟ್ ನಡುವೆ ಇಬ್ಬರು ಕುಳಿತಿದ್ದರೆ ಇಬ್ಬರೂ ಗೋಡೆಯೇ. ಯುಎಸ್‌ಬಿ 3.0 ಕೇಬಲ್‌ಗಳೂ ಡ್ರೈವ್‌ಗಳೂ ಇದೇ ಆವರ್ತನದ ಸುತ್ತ ರೇಡಿಯೊ ಗದ್ದಲ ಚೆಲ್ಲುತ್ತವೆ. ಆಕ್ಷನ್ ಕ್ಯಾಮೆರಾಗಳು ತಮ್ಮದೇ ವೈಫೈ ಬಿತ್ತರಿಸುತ್ತವೆ. ಒಂದೊಂದಾಗಿ ಆಫ್ ಮಾಡಿ ನೋಡಿ. ಎಲ್ಲವನ್ನೂ ಒಟ್ಟಿಗೆ ಬದಲಿಸಿದರೆ ತೊಂದರೆ ಹೋದರೂ ಯಾವುದರಿಂದ ಹೋಯಿತೆಂದು ಗೊತ್ತಾಗುವುದಿಲ್ಲ.

ವೈಫೈ ಪಾಸ್‌ವರ್ಡ್ ಬದಲಿಸಿದ ಮೇಲೆ ಸೇರಲಾಗುತ್ತಿಲ್ಲ.

ಟ್ಯಾಬ್ಲೆಟ್‌ನಲ್ಲಿ ಆ ನೆಟ್‌ವರ್ಕ್ ಅನ್ನು ಮರೆತುಬಿಡುವಂತೆ ಮಾಡಿ, ಹೊಸದಾಗಿ ಸೇರಿ.

ಕೆಲಸ ಮುಗಿದ ಮೇಲೆ ಪ್ಲಗ್ ಸುಮ್ಮನೆ ಕಿತ್ತರೆ ಏನಾಗುತ್ತದೆ?

ಬ್ಯಾಟರಿ ಸಹಿತ ಸಿದ್ಧ ಸಾಧನವಾದರೆ ಏನೂ ಆಗದು. ಎಸ್‌ಡಿ ಕಾರ್ಡ್‌ನಿಂದ ನಡೆಯುವ ಸಾಧನದಲ್ಲಿ ಕಾರ್ಡ್‌ಗೆ ಏನೋ ಬರೆಯುತ್ತಿರುವಾಗಲೇ ಪವರ್ ಹೋದರೆ ಕಡತಗಳು ಹಾಳಾಗಿ, ಮುಂದಿನ ಬಾರಿ ಬೂಟ್ ಆಗದಿರಬಹುದು. ಲಾಗ್ ಬರೆಯುವ ಆಯ್ಕೆ ಆನ್ ಇದ್ದರೆ ಈ ಅಪಾಯ ಹೆಚ್ಚು. ಸ್ಥಿತಿಪುಟದಲ್ಲಿ ಶಟ್‌ಡೌನ್ ಗುಂಡಿ ಇರುವುದು ಇದಕ್ಕೇ. ತಂತ್ರಾಂಶ ತುಂಬಿದ ಇನ್ನೊಂದು ಕಾರ್ಡ್ ಚೀಲದಲ್ಲಿದ್ದರೆ ಎರಡು ನಿಮಿಷದ ಕೆಲಸದಲ್ಲಿ ಮುಗಿಯುತ್ತದೆ.

ಹಾರಾಟದ ನಡುವೆ ಎಲ್ಲವೂ ನಿಂತರೆ ಏನು ಮಾಡಬೇಕು?

ವಿಮಾನ ಹಾರಿಸಬೇಕು. ಕೈಯಲ್ಲಿ ಒಯ್ಯುವ ರಿಸೀವರ್ ಪೂರಕ ಸಾಧನ ಮಾತ್ರ. ಅದು ತೋರಿಸದ ವಿಮಾನಗಳು, ಅಂದರೆ ಎಡಿಎಸ್-ಬಿ ಪ್ರಸಾರವೇ ಇಲ್ಲದವು, ಅದು ಸರಿಯಾಗಿ ನಡೆಯುತ್ತಿದ್ದಾಗಲೂ ಸುತ್ತ ಇರಬಹುದು. ಕಣ್ಣು ಹೊರಗಿರಲಿ. ಪಕ್ಕದಲ್ಲಿ ಇನ್ನೊಬ್ಬರಿದ್ದರೆ ಅವರು ಒಮ್ಮೆ ಆಫ್ ಮಾಡಿ ಆನ್ ಮಾಡಲಿ, ಅಷ್ಟೇ. ತಲೆ ತಗ್ಗಿಸಿ ಸೆಟ್ಟಿಂಗ್ ಹುಡುಕುವ ಕೆಲಸ ಇಳಿದ ಮೇಲಿನದು. ಸಾಧನದಿಂದ ಹೊಗೆ ಬಂದರೆ ಮಾತ್ರ ಕಾಯುವಂತಿಲ್ಲ: ಬೆಂಕಿ ನಂದಿಸಿದ ಮೇಲೆ ನೀರು ಸುರಿದು ಸೆಲ್ ತಣ್ಣಗಾಗಿಸಬೇಕು, ಮಂಜುಗಡ್ಡೆ ಹಾಕಿ ಮುಚ್ಚಬಾರದು, ಏಕೆಂದರೆ ಅದು ಶಾಖವನ್ನು ಒಳಗೇ ಹಿಡಿದಿಟ್ಟು ಪಕ್ಕದ ಸೆಲ್‌ಗೂ ಹಬ್ಬಿಸುತ್ತದೆ, ಹತ್ತಿರದಲ್ಲಿ ಇಳಿಯಲು ತಡ ಮಾಡಬಾರದು.

ಏನು ಮಾಡಿದರೂ ಸರಿಹೋಗಲಿಲ್ಲ. ತಯಾರಕರಿಗೆ ಏನೆಂದು ಬರೆಯಬೇಕು?

"ವೈಫೈ ಕೆಲಸ ಮಾಡುತ್ತಿಲ್ಲ" ಎಂದಷ್ಟೇ ಬರೆದರೆ ಅವರು ಕೇಬಲ್ ಬದಲಿಸಿ ನೋಡಿ ಎಂದು ಉತ್ತರಿಸುತ್ತಾರೆ, ಒಂದು ವಾರ ಕಳೆಯುತ್ತದೆ. ತಂತ್ರಾಂಶದ ಆವೃತ್ತಿ, ಟ್ಯಾಬ್ಲೆಟ್‌ನ ಮಾದರಿ, ಸಾಧನದ ತುದಿಯಲ್ಲಿ ಅಳೆದ ವೋಲ್ಟೇಜ್, ತೊಂದರೆ ಬಂದಾಗ ಯಾವ ದೀಪ ಯಾವ ಬಣ್ಣದಲ್ಲಿತ್ತು, ಆನ್ ಮಾಡಿದ ಎಷ್ಟು ನಿಮಿಷಕ್ಕೆ ಬಂತು, ಬೇರೆ ಯಾವ ಕೇಬಲ್, ಚಾರ್ಜರ್ ಮತ್ತು ಟ್ಯಾಬ್ಲೆಟ್ ಜೊತೆ ಪರೀಕ್ಷಿಸಿದಿರಿ ಎಂಬುದನ್ನು ಬರೆಯಿರಿ. ಆಗ ತೊಂದರೆ ಕಾಣಿಸಿಕೊಂಡ ಕ್ಷಣದ ಹತ್ತು ಸೆಕೆಂಡಿನ ವಿಡಿಯೊ, ದೀಪ ಮತ್ತು ಮೀಟರ್ ಎರಡೂ ಒಂದೇ ಚೌಕಟ್ಟಿನಲ್ಲಿ ಕಾಣುವಂತೆ ತೆಗೆದದ್ದು, ಜೊತೆಗಿದ್ದರೆ ನಿಮ್ಮ ಪತ್ರಕ್ಕೆ ಕೇಬಲ್ ಬದಲಿಸಿ ಎಂಬ ಉತ್ತರ ಬರುವುದಿಲ್ಲ.